ಎಡಕ್ಕೆ ಎರಡು ಬೆರಳು

ನಮ್ಮೂರಲ್ಲಿ ಯಾರನ್ನಾದರೂ ನಿಮ್ಮ ಮನೆ ಎಲ್ಲಿ ಎಂದು ಕೇಳಿದರೆ "ಸದ್ಯಕ್ಕೆ ಇಲ್ಲೇ" ಎನ್ನುತ್ತಾರೆ. ಹೊರಗಿನವರಿಗೆ ಅದು ಉಡಾಫೆ ಅನ್ನಿಸುತ್ತದೆ. ಉಡಾಫೆ ಏನೂ ಅಲ್ಲ, ಇದ್ದದ್ದು ಇದ್ದ ಹಾಗೆ ಹೇಳುವುದು ಅಷ್ಟೆ. ಪ್ರತಿ ಸೋಮವಾರ ಬೆಳಗ್ಗೆ ಪ್ರತಿಯೊಂದು ಮನೆಯ ಹಿರಿಯರು ಹೊಸಿಲ ಮೇಲೆ ನಿಂತು, ಅಂಗಳದ ತುದಿಯ ಗುರಿಕಂಬಕ್ಕೆ ಅಂಟಿಸಿದ ಕಾಗದಕ್ಕೆ ಗಾಳಿ ಪಿಸ್ತೂಲಿನಿಂದ ಒಂದು ಗುಂಡು ಹೊಡೆಯುತ್ತಾರೆ. ಗುಂಡು ಕಾಗದದ ನಡುಮಧ್ಯಕ್ಕೆ ಬಿದ್ದರೆ ಮನೆ ಇದ್ದಲ್ಲೇ ಇರುತ್ತದೆ. ಒಂದು ಬೆರಳಿನಷ್ಟು ಎಡಕ್ಕೆ ಬಿದ್ದರೆ, ಮಂಗಳವಾರ ಬೆಳಗಾಗುವಷ್ಟರಲ್ಲಿ ಮನೆ, ಅಂಗಳ, ಗುರಿಕಂಬ, ಕೊಟ್ಟಿಗೆಯ ಹಸು ಎಲ್ಲ ಸಮೇತ ಒಂದು ಗೇಣು ಎಡಕ್ಕೆ ಸರಿದಿರುತ್ತದೆ. ಮೇಲೆ ಬಿದ್ದರೆ ಮುಂದಕ್ಕೆ, ಕೆಳಗೆ ಬಿದ್ದರೆ ಹಿಂದಕ್ಕೆ. ಮನೆಯಲ್ಲಿ ಎಲ್ಲರಿಗಿಂತ ದೊಡ್ಡವರು ಹೊಡೆದ ಗುಂಡಿಗೆ ಮಾತ್ರ ಮನೆ ಮಾತು ಕೇಳುತ್ತದೆ. ಚಿಕ್ಕವರು ಎಷ್ಟು ಚೆನ್ನಾಗಿ ಹೊಡೆದರೂ ಕಾಗದಕ್ಕೆ ತೂತಾಗುತ್ತದೆ, ಬೇರೇನೂ ಆಗುವುದಿಲ್ಲ.

ಹೊಡೆಯುವುದನ್ನೇ ಬಿಟ್ಟರೆ ಮನೆ ತನಗೆ ತೋಚಿದ ಕಡೆ ಹೊರಟುಬಿಡುತ್ತದೆ. ಹಾಗೆ ಬಿಟ್ಟ ಮನೆಯೊಂದು ಈಗ ಕೆರೆ ಕೋಡಿಯ ಹತ್ತಿರ ನೀರಿಗೆ ಮುಖ ಮಾಡಿಕೊಂಡು ನಿಂತಿದೆ. ಅದರ ಯಜಮಾನ ಹಿತ್ತಲ ಬಾಗಿಲಿಂದಲೇ ಓಡಾಡುತ್ತಾನೆ. ಶಾಲೆ ಹೆಡ್‌ಮೇಷ್ಟ್ರ ಕಣ್ಣಿನ ಮೇಲೆ ನಿಂತಿದೆ. ಪೋಸ್ಟ್‌ಮಾಸ್ತರರ ಒಂದು ಕಣ್ಣಿಗೆ ಪೊರೆ ಬಂದ ಮೇಲೆ ಪೋಸ್ಟಾಫೀಸು ಮೀನು ಮಾರ್ಕೆಟ್ಟಿನ ಮಗ್ಗುಲಿಗೆ ಹೋಗಿ ಕೂತಿದೆ, ನಮಗೆ ಬರುವ ಮದುವೆ ಕಾಗದಗಳೆಲ್ಲ ಬಂಗಡೆ ವಾಸನೆ ಹೊಡೆಯುತ್ತವೆ. ಇಂಥ ಊರಲ್ಲಿ ಹುಟ್ಟಿ ಬೆಳೆದವನು ಅನುಮಾನದ ಮನುಷ್ಯ ಆಗದೆ ಇನ್ನೇನಾಗುತ್ತಾನೆ? ರಾತ್ರಿ ಮಲಗಿದಾಗ ಪಕ್ಕದ ಮನೆ ಎಷ್ಟು ದೂರ ಇತ್ತು, ಬೆಳಗ್ಗೆ ಎದ್ದಾಗ ಎಷ್ಟಿದೆ ಎಂದು ನೋಡಿಯೇ ನಾವು ಹಲ್ಲುಜ್ಜುವುದು. ನನ್ನ ಹೆಂಡತಿ ಶಕುಂತಲಾ, "ನಿಮ್ಮದು ಸ್ವಲ್ಪ ಅತಿ" ಅನ್ನುತ್ತಾಳೆ. ಅವಳು ಹೊರ ಊರಿನವಳು. ಅವಳ ತವರಿನಲ್ಲಿ ಮನೆಗಳು ಕಟ್ಟಿದಲ್ಲೇ ಇರುತ್ತವಂತೆ.

ನನ್ನದು ಬಜಾರಿನಲ್ಲಿ ಕನ್ನಡಕದ ಅಂಗಡಿ. ಹೆಸರು ಚೆಲುವರಾಜು. ಅಂಗಡಿ ನಡೆಯುತ್ತಿದ್ದದ್ದೇ ಸೋಮವಾರಗಳಿಂದ, ಆದರೆ ಕನ್ನಡಕ ಎಷ್ಟು ತಿದ್ದಿಕೊಟ್ಟರೂ ಹಿರಿಯರ ಗೋಳು ತಪ್ಪುತ್ತಿರಲಿಲ್ಲ. ಪಿಸ್ತೂಲಿನ ಹಿಂದೆ ಒಂದು ಕಚ್ಚು ಇರುತ್ತದೆ, ಮೂತಿಯ ಮೇಲೆ ಒಂದು ಮೊನೆ ಇರುತ್ತದೆ, ಆಚೆ ಕಂಬದ ಮೇಲೆ ಕಾಗದ. ಮೂರನ್ನೂ ಒಂದೇ ಸಾಲಿಗೆ ತರಬೇಕು. ಹರೆಯದ ಕಣ್ಣು ಮೂರರ ಮೇಲೂ ಓಡಾಡಿ ಬರುತ್ತದೆ. ವಯಸ್ಸಾದ ಕಣ್ಣಿಗೆ ಮೂರರಲ್ಲಿ ಒಂದೇ ಸಿಗುವುದು. ಮೊನೆ ಕಂಡರೆ ಕಾಗದ ಮಂಜು, ಕಾಗದ ಕಂಡರೆ ಮೊನೆ ಮಾಯ. ನಾನು ಕೊಟ್ಟ ಕನ್ನಡಕವನ್ನು ಮೂಗಿನ ಮೇಲೆ ಏರಿಸಿ ಇಳಿಸಿ ಸಾಕಾಗಿ, ಕೊನೆಗೆ ದೇವರ ಮೇಲೆ ಭಾರ ಹಾಕಿ ಪಿಸ್ತೂಲಿನ ಕುದುರೆ ಎಳೆಯುತ್ತಿದ್ದರು. ಮಂಗಳವಾರ ಊರಿಗೆ ಊರೇ ಅಸ್ತವ್ಯಸ್ತ.

ಆಗ ಬಂದದ್ದು ಚುಕ್ಕಿ. ಊರೂರಿನ ಶೂಟಿಂಗ್ ಸ್ಪರ್ಧೆಗಳಿಗೆ ಸಾಮಾನು ಒಯ್ಯುವ ಸೇಲ್ಸ್‌ಮನ್ ಒಬ್ಬ ದಾರಿ ತಪ್ಪಿ ಬಂದವನು ಅದನ್ನು ನನಗೆ ತೋರಿಸಿದ. ರೆಡ್ ಡಾಟ್ ಎಂದ. ಬೆಂಕಿಪೊಟ್ಟಣದಷ್ಟು ದೊಡ್ಡ ಚೌಕಟ್ಟು, ಅದರಲ್ಲೊಂದು ಗಾಜು, ಹೊಟ್ಟೆಯಲ್ಲಿ ಗುಂಡಿಯಂಥ ಬ್ಯಾಟರಿ. ಗಾಜಿನೊಳಗೆ ನೋಡಿದರೆ ಒಂದು ಕೆಂಪು ಚುಕ್ಕಿ, ಅದು ಗಾಜಿನ ಮೇಲೆ ಇರುವಂತೆ ಕಾಣುವುದಿಲ್ಲ, ದೂರದ ಕಾಗದದ ಮೇಲೇ ಕೂತಂತೆ ಕಾಣುತ್ತದೆ. ಕಚ್ಚು ಬೇಡ, ಮೊನೆ ಬೇಡ, ಕಾಗದ ಒಂದನ್ನೇ ನೋಡಿದರೆ ಸಾಕು. ಪಿಸ್ತೂಲಿನ ಬೆನ್ನ ಮೇಲಿನ ಕಂಬಿಗೆ ಅದನ್ನು ಕಚ್ಚಿಸಿ ಕೂರಿಸಬೇಕು, ಅಂಗಡಿಯ ಹಿಂದಿನ ಓಣಿಯಲ್ಲಿ ಅವರವರ ಕೈಯಲ್ಲೇ ಹೊಡೆಸಿ ನೋಡಬೇಕು, ಮಗ್ಗುಲಿನ ತಿರುಪು ಮತ್ತು ತಲೆಯ ಮೇಲಿನ ತಿರುಪು ಟಿಕ್ ಟಿಕ್ ಎಂದು ತಿರುವಿ ಗುಂಡು ಬೀಳುವಲ್ಲಿಗೆ ಚುಕ್ಕಿ ತರಬೇಕು. ಸ್ವಂತ ಹೊಸಿಲ ಮೇಲೆ ಹೊಡೆದದ್ದು ಮಾತ್ರ ಲೆಕ್ಕ, ಓಣಿಯಲ್ಲಿ ಎಷ್ಟು ಹೊಡೆದರೂ ಯಾರ ಮನೆಯೂ ಅಲುಗುವುದಿಲ್ಲ.

ಹಿರಿಯರು ಸುಮ್ಮನೆ ಒಪ್ಪಲಿಲ್ಲ. "ಚುಕ್ಕಿ ಕುಣೀತದೆ ಕಣಯ್ಯಾ!" ಎಂದರು. ಕುಣಿಯೋದು ಚುಕ್ಕಿಯಲ್ಲ ಸ್ವಾಮಿ, ನಿಮ್ಮ ಕೈ, ಇಷ್ಟು ವರ್ಷ ಕಾಣ್ತಿರ್ಲಿಲ್ಲ ಅಷ್ಟೆ ಎಂದರೆ ಮುಖ ಊದಿಸಿಕೊಂಡರು. ಕೆಲವರಿಗೆ ಚುಕ್ಕಿಗೆ ಬಾಲ ಇರುವಂತೆ ಕಂಡಿತು, ಒಬ್ಬರಿಗೆ ಎರಡು ಕಂಡವು. ಅದು ಕಣ್ಣಿನ ಗೋಲಿಯ ಓರೆ, ಬೆಳಕು ಕಡಿಮೆ ಮಾಡಿದರೆ ಸರಿಹೋಗುತ್ತದೆ. ಆದರೆ ಆ ಯಜಮಾನರು, "ಒಂದು ನಂಗೆ, ಇನ್ನೊಂದು ಯಾರಿಗೆ ಇಟ್ಟಿದ್ದೀಯ?" ಎಂದು ನನ್ನನ್ನೇ ಜಬರಿಸಿದರು. ಇರಲಿ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಊರಿನ ಬೀದಿಗಳು ನೆಟ್ಟಗಾದವು. ಚೆಲುವರಾಜು ಕೂರಿಸಿದ ಚುಕ್ಕಿ ಎಂದರೆ ಚುಕ್ಕಿ ಎಂದು ಹೆಸರಾಯಿತು. ಎದುರು ಸಾಲಿನ ವಾಚ್ ರಿಪೇರಿ ಶಾಂತರಾಜು ಕೂಡ ನನ್ನನ್ನು ನೋಡಿಕೊಂಡು ಚುಕ್ಕಿ ಕೂರಿಸಲು ಶುರು ಮಾಡಿದ. ಅವನ ಕೆಲಸ ಹೇಗೆ ಎಂದು ನನ್ನನ್ನು ಕೇಳಬೇಡಿ, ಹೊಟ್ಟೆಕಿಚ್ಚು ಅನ್ನುತ್ತೀರಿ.

ಮೊಟ್ಟಮೊದಲು ಕೂರಿಸಿದ್ದು ನಮ್ಮವ್ವ ದೇವೀರಮ್ಮನ ಪಿಸ್ತೂಲಿಗೆ. ಅಪ್ಪ ತೀರಿಕೊಂಡ ಮೇಲೆ ಮನೆಗೆ ಅವಳೇ ಹಿರಿಯಳು, ಅವಳ ಕಣ್ಣೋ ಹದಗೆಟ್ಟು ಹೋಗಿತ್ತು. ಒಂದು ವಾರ ಮನೆ ರಸ್ತೆಗೆ ಬಂದು ಬಸ್ಸಿನವನ ಹತ್ತಿರ ಬೈಸಿಕೊಂಡರೆ ಇನ್ನೊಂದು ವಾರ ಹಿಂದಿನವರ ಬಾವಿಕಟ್ಟೆಗೆ ಆನಿಕೊಂಡಿರುತ್ತಿತ್ತು. ಚುಕ್ಕಿ ಕೂರಿಸಿಕೊಟ್ಟ ದಿನ ಅವ್ವ ಓಣಿಯಲ್ಲಿ ನಿಂತು ಬಹಳ ಹೊತ್ತು ಗಾಜಿನೊಳಗೆ ನೋಡಿದಳು.

"ಇದು ಎಲ್ಲಿ ಕೂತದೋ ಗುಂಡು ಅಲ್ಲಿಗೇ ಹೋಗ್ತದೇನಪ್ಪಾ?"

"ಅಲ್ಲಿಗೇ ಹೋಗ್ತದೆ."

"ನಾನು ಎಲ್ಲಿಗೆ ಅಂದ್ರೆ ಅಲ್ಲಿಗೆ?"

"ನಾನು ಕೂರಿಸಿರೋದು ಕಣವ್ವಾ. ಕೂದಲೆಳೆ ಆಚೀಚೆ ಆಗಲ್ಲ."

ಅವಳ ಮುಖ ಅರಳಿತು. ಅಪ್ಪ ಹೋದ ಮೇಲೆ ಆ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. ಮಾರನೇ ವಾರದಿಂದ ನಮ್ಮ ಮನೆ ಹಿಂದೆ ಮುಂದೆ ತೂಗಾಡುವುದು ನಿಂತಿತು. ಅಲ್ಲಿಗೆ ಆ ಚಿಂತೆ ಬಿಟ್ಟೆ. ಸೋಮವಾರ ಬೆಳಗ್ಗೆ ಬ್ಯಾಟರಿ ಹೋಯಿತು, ತಿರುಪು ಸಡಿಲಾಯಿತು ಎಂದು ಅರ್ಧ ಊರು ನನ್ನ ಅಂಗಡಿಗೆ ಓಡಿ ಬರುತ್ತಿತ್ತು, ಅವ್ವ ಹೊಡೆಯುವ ಹೊತ್ತಿಗೆ ನಾನು ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಹೊಡೆದ ಕಾಗದವನ್ನು ಹಂಡೆ ಒಲೆಗೆ ಹಾಕುವುದು ನಮ್ಮೂರ ವಾಡಿಕೆ.

ಈಗ ಬೋರಲಿಂಗಯ್ಯನ ವಿಷಯಕ್ಕೆ ಬರುತ್ತೇನೆ. ನಮ್ಮ ಎಡಗಡೆಯ ಮನೆ ಅವನದು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತಿಯಾದ ಮನುಷ್ಯ, ಕಟ್ಟಿದ ಬಾಯಿ, ಬಿಗಿದ ಹುಬ್ಬು. ಅವನ ಹೆಂಡತಿ ಸಾಕಮ್ಮ ನಮ್ಮವ್ವನ ಒಡಹುಟ್ಟಿದ ತಂಗಿ. ವರಸೆಯಲ್ಲಿ ಅವನು ನನಗೆ ಚಿಕ್ಕಪ್ಪ, ಆದರೆ ಆ ಮಾತು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಹಿಂದೆ ಎರಡು ಮನೆಗಳೂ ಗೋಡೆಗೆ ಗೋಡೆ ಅಂಟಿಕೊಂಡು, ಅಡುಗೆಮನೆಯ ಕಿಟಕಿಗೆ ಕಿಟಕಿ ಎದುರಾಗಿ, ಅಕ್ಕತಂಗಿಯರು ಸಾರಿನ ಬಟ್ಟಲು ಕೈಯಿಂದ ಕೈಗೆ ದಾಟಿಸುತ್ತಿದ್ದರಂತೆ. ಒಂದು ನಾಮಕರಣದ ಊಟದ ಪಂಕ್ತಿಯಲ್ಲಿ ನಮ್ಮಪ್ಪ, ಬೋರಲಿಂಗಯ್ಯನ ಗುರಿಕಂಬ ಇರಬೇಕಾದ್ದಕ್ಕಿಂತ ಒಂದು ಗೇಣು ಹತ್ತಿರ ನೆಟ್ಟಿದೆ ಎಂದುಬಿಟ್ಟ. ಹತ್ತಿರ ಇದ್ದರೆ ಹೊಡೆಯುವುದು ಸುಲಭ, ಅದು ಮೋಸ. ಅವನು ಎಲೆ ಬಿಟ್ಟು ಎದ್ದುಹೋದ. ಅಪ್ಪನೂ ಬಿಡುವ ಆಸಾಮಿಯಲ್ಲ, ವಾರ ವಾರ ಬೇಕೆಂತಲೇ ಬಲಕ್ಕೆ ಹೊಡೆದು ಹೊಡೆದು ಮನೆಯನ್ನೇ ದೂರ ಎಳೆದುಕೊಂಡ. ದೂರ ಸರಿದದ್ದಕ್ಕೆ ಯಾರೂ ದೂರು ಕೊಡಲಿಲ್ಲ. ಸಾಯುವಾಗ ಅವ್ವನ ಕೈ ಹಿಡಿದು, ಆ ಮನೆ ಹೊಸಿಲು ತುಳಿಯಲ್ಲ ಎಂದು ಭಾಷೆ ತೆಗೆದುಕೊಂಡೇ ಪ್ರಾಣ ಬಿಟ್ಟ. ಕೊಟ್ಟ ಭಾಷೆ ಅವ್ವ ಮುರಿಯಲಿಲ್ಲ. ಸಾಕಮ್ಮನೋ, ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದವಳು ಮತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ. ಕೇಳಿದ್ದು ಮಾಡಿಕೊಡಿ, ಜಾಸ್ತಿ ದಿನ ಇಲ್ಲ ಎಂದು ಡಾಕ್ಟರು ಹೇಳಿದ್ದರೆಂದು ಬೀದಿಯಲ್ಲಿ ಕೇಳಿದ್ದೆ.

ಎರಡು ಮನೆಗಳ ನಡುವೆ ಎತ್ತಿನ ಗಾಡಿ ಸಲೀಸಾಗಿ ಹೋಗುವಷ್ಟು ಸಂದಿ ಇತ್ತು. ಚುಕ್ಕಿ ಬಂದ ಮೇಲೆ ಒಂದು ದಿನ ನೋಡುತ್ತೇನೆ, ಗಾಡಿಯವನು ಸುತ್ತು ಹಾಕಿಕೊಂಡು ಹೋಗುತ್ತಿದ್ದಾನೆ. ಇನ್ನು ಕೆಲವು ವಾರಕ್ಕೆ ಸೈಕಲ್ಲಿನ ಹ್ಯಾಂಡಲ್ ಗೋಡೆಗೆ ತಾಗಿತು. ಆಮೇಲೆ ಮನುಷ್ಯ ಅಡ್ಡ ತಿರುಗಿಕೊಂಡೇ ನುಗ್ಗಬೇಕಾಯಿತು. ನನಗೆ ರಕ್ತ ಕುದಿಯಿತು. ಬೋರಲಿಂಗಯ್ಯ ವಾರ ವಾರ ನಮ್ಮ ಜಾಗ ನುಂಗುತ್ತಿದ್ದಾನೆ! ಅವನು ಚುಕ್ಕಿ ಕೂರಿಸಿಕೊಂಡದ್ದು ನನ್ನ ಹತ್ತಿರ ಅಲ್ಲ, ಶಾಂತರಾಜನ ಹತ್ತಿರ. ಯಾಕೆ? ಯಾರಿಗೂ ತಿಳಿಯದ ಹಾಗೆ ಚುಕ್ಕಿ ಓರೆ ಇಡಿಸಿಕೊಳ್ಳುವುದಕ್ಕೆ. ಬೇರೆ ಏನು ಕಾರಣ ಇದ್ದೀತು? ಇನ್ನೊಂದು ಕಡೆ, ಬಲಗಡೆಯ ಟೈಲರ್ ರಂಗಧಾಮನ ಮನೆ ನಮ್ಮಿಂದ ದೂರ ದೂರ ಹೋಗುತ್ತಿತ್ತು. ಹಳೆಯ ಪ್ಯಾಂಟು ಉದ್ದ ಮಾಡಿಕೊಡಲಿಲ್ಲವೆಂದು ನಾನು ಅಂದ ಮಾತಿಗೆ ಅವನು ಮುನಿಸಿಕೊಂಡಿದ್ದಾನೆ ಎಂದುಕೊಂಡೆ. ಇಬ್ಬರೂ ಸೇರಿಕೊಂಡು ನನ್ನನ್ನು ಏನೋ ಮಾಡಲು ಹೊರಟಿದ್ದಾರೆ ಎಂಬ ಅನುಮಾನವೂ ಬಂತು.

ಶಕುಂತಲಾಳಿಗೆ ಹೇಳಿದೆ. ಅವಳು ಹಿಟ್ಟು ಜರಡಿ ಹಿಡಿಯುತ್ತಿದ್ದಳು. "ಅವರ ಮನೆ ಬರ್ತಿದೆಯೋ, ನಮ್ಮನೆ ಹೋಗ್ತಿದೆಯೋ, ಸರಿಯಾಗಿ ನೋಡಿದ್ದೀರಾ?" ಎಂದಳು.

"ನಮ್ಮನೆ ಹೋಗಕ್ಕೆ ಹೆಂಗೆ ಸಾಧ್ಯ? ಅವ್ವನ ಪಿಸ್ತೂಲಿಗೆ ಚುಕ್ಕಿ ಕೂರಿಸಿದ್ದು ಯಾರು?"

"ನೀವೇ ಬಿಡಿ," ಎಂದು ಜರಡಿ ಕುಟ್ಟಿದಳು. ಹೊರ ಊರಿನವರಿಗೆ ಇದೆಲ್ಲ ತಿಳಿಯುವುದಿಲ್ಲ.

ಒಂದು ಸೋಮವಾರ ಅಂಗಡಿ ತಡವಾಗಿ ತೆರೆದರಾಯಿತು ಎಂದು ಸಂದಿಯ ಬಾಯಲ್ಲಿದ್ದ ನೀರಿನ ಡ್ರಮ್ಮಿನ ಹಿಂದೆ ಕೂತೆ. ಬೋರಲಿಂಗಯ್ಯ ಹೊಸಿಲ ಮೇಲೆ ನಿಂತ, ಹೊಡೆದ, ಕಂಬದ ಹತ್ತಿರ ಹೋಗಿ ಕಾಗದ ಕಿತ್ತು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಮುಚ್ಚಿಡುವುದು ಏನೂ ಇಲ್ಲದಿದ್ದರೆ ಕಂಕುಳಲ್ಲಿ ಯಾಕೆ? ನಾನು ಕತ್ತು ಚಾಚಿದ್ದು ಅವನಿಗೆ ಕಂಡಿತು. "ಏನ್ ಚೆಲುವ, ಡ್ರಮ್ಮೊಳಗೆ ಏನಾದ್ರೂ ಬಿತ್ತಾ?" ಎಂದ. ಆ ವ್ಯಂಗ್ಯಕ್ಕೆ ಮೈ ಉರಿಯಿತು. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಅವ್ವನ ಪಿಸ್ತೂಲು ಠಪ್ ಎಂದಿತು. ತಿರುಗಿ ನೋಡುವ ಅಗತ್ಯ ನನಗೆ ಕಾಣಲಿಲ್ಲ.

ನೇರವಾಗಿ ಊರ ಯಜಮಾನ ಮುದ್ದವೀರಪ್ಪನವರ ಜಗುಲಿಗೆ ಹೋಗಿ, ಸಂದಿಯ ಮಣ್ಣು ಒಂದು ಹಿಡಿ ಅವರ ಮುಂದೆ ಸುರಿದೆ. ಗಡಿ ತಕರಾರಿನ ದೂರು ಕೊಡುವ ರೀತಿ ಅದು. ಅವರು ಬಾಯಲ್ಲಿದ್ದ ಲವಂಗ ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದರು.

"ಯೋಚ್ನೆ ಮಾಡಿದ್ದೀಯಾ ಚೆಲುವರಾಜು? ದೂರು ಕೊಟ್ಟೋರ ಮನೆ ಗುಂಡನ್ನೂ ಜನರ ಮುಂದೆ ನೋಡ್ಬೇಕಾಗ್ತದೆ. ಬೇಕು ಅಂತ ಓರೆ ಹೊಡೆದೋರು ಯಾರೇ ಆದ್ರೂ ಪಿಸ್ತೂಲು ಒಂದು ವರ್ಷ ನನ್ನ ಪೆಟ್ಟಿಗೇಲಿ ಇರ್ತದೆ. ಮನೆ ಎಲ್ಲಿಗೆ ಹೋಗ್ತದೋ ಹೋಗ್ಲಿ."

"ಹೋಗ್ಲಿ ಸ್ವಾಮಿ. ಕೆರೆಗೇ ಬೀಳ್ಲಿ."

ಮನೆಗೆ ಬಂದು ಅವ್ವನಿಗೆ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದ ಅವಳ ಕೈ ನಿಂತಿತು.

"ಯಾಕಪ್ಪಾ ಬೇಕಿತ್ತು ಅದೆಲ್ಲ? ಸಾಕಮ್ಮ ಮಲಗವ್ಳೆ. ಈಗ ಆ ಮನೆ ಮೇಲೆ ದೂರಾ?"

"ಅವ್ರು ಮಲಗಿದ್ರೆ ಇವ್ನು ನಮ್ಮ ಜಾಗ ತಿನ್ನಬಹುದಾ?"

"ಹೋಗಿ ಮಣ್ಣು ವಾಪಸ್ ತಗೊಂಡು ಬಾ."

"ಒಂದೇ ಒಂದು ಗುಂಡು ಕಣವ್ವಾ. ನೀನು ಎಂದಿನಂತೆ ಹೊಡಿ, ಸಾಕು. ನಿಂಗೇನು ಭಯ?"

ಅವ್ವ ನನ್ನನ್ನು ಒಂದು ಥರ ನೋಡಿ ಮತ್ತೆ ಸೊಪ್ಪಿಗೆ ಕೈ ಹಾಕಿದಳು. ವಯಸ್ಸಾದವಳು, ಜನರ ಎದುರು ನಿಲ್ಲಲು ನಾಚಿಕೆ ಎಂದುಕೊಂಡೆ.

ಮುಂದಿನ ಸೋಮವಾರ ಎರಡು ಅಂಗಳಗಳಲ್ಲೂ ಜನ. ಶಾಂತರಾಜು ಇಸ್ತ್ರಿ ಶರ್ಟು ಹಾಕಿಕೊಂಡು ಬಂದಿದ್ದ. ಬೋರಲಿಂಗಯ್ಯನ ಹಲಗೆ ಬಡಿದ ಕಿಟಕಿಯಿಂದ ಸಾಕಮ್ಮನ ಕೆಮ್ಮು ಕೇಳುತ್ತಿತ್ತು, ಸಂದಿ ಈಗ ಎರಡೇ ಗೇಣು ಉಳಿದಿದ್ದರಿಂದ ನಮ್ಮ ಅಡುಗೆಮನೆಯಲ್ಲೇ ಕೆಮ್ಮಿದಂತೆ ಇತ್ತು. ಮೊದಲು ಅವನ ಸರದಿ. ಬೋರಲಿಂಗಯ್ಯ ಪಿಸ್ತೂಲು ಎತ್ತಿದ. ಠಪ್. ಮುದ್ದವೀರಪ್ಪನವರು ಕಂಬದ ಹತ್ತಿರ ಹೋಗಿ ಕಾಗದಕ್ಕೆ ಮೂಗು ತಾಗಿಸಿ ನೋಡಿ, ಕಾಗದ ಬಿಚ್ಚಿ ಎಲ್ಲರಿಗೂ ತೋರಿಸಿದರು. ಗುಂಡು ನಡುಮಧ್ಯ ತೂರಿಹೋಗಿತ್ತು, ಕಂಪಾಸು ಇಟ್ಟು ಚುಚ್ಚಿದ ಹಾಗೆ. ನನಗೆ ನಂಬಿಕೆ ಬರಲಿಲ್ಲ. ಇವತ್ತು ಜನರಿದ್ದಾರೆ ಎಂದು ನೆಟ್ಟಗೆ ಹೊಡೆದಿದ್ದಾನೆ, ಕಳ್ಳ.

ಆಮೇಲೆ ಅವ್ವ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸಿಲ ಮೇಲೆ ನಿಂತಳು. ಚುಕ್ಕಿ ಕೂರಿಸಿದವನು ಪಕ್ಕದಲ್ಲಿ ನಿಲ್ಲಬೇಕು, ನಿಂತೆ. ಅವಳು ಕೈ ಎತ್ತಿದಳು, ನಿಧಾನಕ್ಕೆ ಇಳಿಸಿದಳು, ಅರ್ಧ ಉಸಿರು ಬಿಟ್ಟು ಅರ್ಧ ಹಿಡಿದಳು. ಕೈ ಕಲ್ಲು. ಎಷ್ಟೋ ಹಿರಿಯರಿಗೆ ಹೇಳಿಕೊಟ್ಟು ಸೋತಿದ್ದೆ, ಇಷ್ಟು ಚೆನ್ನಾಗಿ ಕುದುರೆ ಒತ್ತಿದವರನ್ನು ನಾನು ಕಂಡಿರಲಿಲ್ಲ. ಠಪ್.

ಮುದ್ದವೀರಪ್ಪನವರು ಕಾಗದ ನೋಡಿ ತಲೆ ಎತ್ತಲಿಲ್ಲ. "ಎಡಕ್ಕೆ ಎರಡು ಬೆರಳು," ಎಂದರು. ಜನ ಗುಜುಗುಜು ಎಂದರು. "ಅಮ್ಮಾ, ಕೈ ಜಾರಿರಬೇಕು. ಲೆಕ್ಕಕ್ಕೆ ಮೊದಲನೇದೇ. ಆದ್ರೂ ನಮ್ಮ ಸಮಾಧಾನಕ್ಕೆ ಇನ್ನೊಂದು ಹೊಡೀರಿ."

ಅವ್ವ ಇನ್ನೊಂದು ಹೊಡೆದಳು. ಕಾಗದದಲ್ಲಿ ಹೊಸ ತೂತು ಹುಡುಕಿದರೆ ಸಿಗಲಿಲ್ಲ. ಎರಡನೆಯದು ಮೊದಲನೆಯದರ ಒಳಗೇ ಹೋಗಿತ್ತು.

ನಡುಗುವ ಕೈಯ ಗುಂಡು ಹೀಗೆ ಬೀಳುವುದಿಲ್ಲ. ಕಾಣದ ಕಣ್ಣಿನ ಗುಂಡೂ ಹೀಗೆ ಬೀಳುವುದಿಲ್ಲ. ಇದು ಹೊಡೆಯಬೇಕು ಎಂದು ಹೊಡೆದದ್ದು. ಬೋರಲಿಂಗಯ್ಯನ ಮನೆ ಎಲ್ಲಿಂದಲೂ ಬಂದಿರಲಿಲ್ಲ, ರಂಗಧಾಮನದು ಎಲ್ಲಿಗೂ ಹೋಗಿರಲಿಲ್ಲ. ನಮ್ಮವ್ವ ಒಂದೊಂದೇ ಸೋಮವಾರ ನಮ್ಮನ್ನೆಲ್ಲ ಹೊತ್ತುಕೊಂಡು ತಂಗಿಯ ಮನೆಗೆ ಹೊರಟಿದ್ದಳು. ಹೊಸಿಲು ತುಳಿಯಲ್ಲ ಎಂದು ಭಾಷೆ ಕೊಟ್ಟಿದ್ದಳು, ಮನೆ ಹೋಗಲ್ಲ ಎಂದು ಕೊಟ್ಟಿರಲಿಲ್ಲ.

ಮೊದಲು ಬಂದದ್ದು ಕೋಪ. ಬಾಯಿ ಬಿಟ್ಟು ಹೇಳಬಾರದಾಗಿತ್ತೇ ನನಗೆ? ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ ಎಂಬುದೂ ಅಷ್ಟರಲ್ಲೇ ಹೊಳೆಯಿತು, ಕೋಪ ಇಳಿದು ಭಯ ಶುರುವಾಯಿತು. ಮುದ್ದವೀರಪ್ಪನವರು ಕಾಗದ ಮಡಚುತ್ತ ನನ್ನ ಹತ್ತಿರ ಬಂದರು.

"ಒಂದೇ ತೂತಿಗೆ ಎರಡು ಗುಂಡು. ಕಣ್ಣು ಕೈ ಎರಡೂ ಸರಿಯಾಗವೆ. ಅಂದ್ಮೇಲೆ ಒಂದೋ ನಿಮ್ಮವ್ವ ಬೇಕು ಅಂತ ಹೊಡೆದವ್ರೆ, ಇಲ್ಲಾ ಚುಕ್ಕಿ ಓರೆ ಕೂತದೆ. ಕೂರಿಸಿದೋನು ನೀನು. ನೀನೇ ಹೇಳು."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬೇಕೆಂದು ಹೊಡೆದದ್ದು ಎಂದರೆ ಪಿಸ್ತೂಲು ಪೆಟ್ಟಿಗೆ ಸೇರುತ್ತದೆ, ಮನೆ ಒಂದು ವರ್ಷ ಊರೆಲ್ಲ ಅಲೆಯುತ್ತದೆ. ಸಾಕಮ್ಮನಿಗೆ ಒಂದು ವರ್ಷ ಎಲ್ಲಿದೆ? ಚುಕ್ಕಿ ಓರೆ ಎಂದರೆ ನನ್ನ ಅಂಗಡಿ ಮುಗಿಯಿತು. ಸ್ವಂತ ತಾಯಿಗೆ ಓರೆ ಕೂರಿಸಿದವನ ಹತ್ತಿರ ಯಾರು ಬರುತ್ತಾರೆ? ಅವ್ವ ಗುರಿಕಂಬದ ಕಡೆಗೇ ನೋಡುತ್ತಿದ್ದಳು. ಕಿಟಕಿಯಾಚೆ ಕೆಮ್ಮು ನಿಂತಿತ್ತು. ಅಲ್ಲಿಯೂ ಕಿವಿಗೊಟ್ಟು ಕೇಳುತ್ತಿರಬೇಕು.

"ಓರೆ ಕೂತಿದೆ ಸ್ವಾಮಿ," ಎಂದೆ. "ತಪ್ಪು ನಂದೇ."

"ಗೊತ್ತಿದ್ದೂ ಪಕ್ಕದೋರ ಮೇಲೆ ದೂರು ಕೊಟ್ಟೆಯಾ?"

"ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು."

ಯಾರೋ, "ನಮ್ಮನೇದೂ ಓರೆ ಇದ್ಯೇನೋ ಹಂಗಾದ್ರೆ" ಎಂದರು. ಅಷ್ಟು ಸಾಕಾಗಿತ್ತು. ಹಿರಿಯರು ತಮ್ಮ ತಮ್ಮ ಪಿಸ್ತೂಲುಗಳನ್ನು ಎತ್ತಿಕೊಂಡು ಶಾಂತರಾಜನ ಸುತ್ತ ನಿಂತರು. ಇನ್ನು ಮುಂದೆ ಚೆಲುವರಾಜು ಚುಕ್ಕಿ ಮುಟ್ಟಕೂಡದು, ಕೂರಿಸಿದ್ದನ್ನೆಲ್ಲ ಶಾಂತರಾಜು ನೋಡಿ ಸರಿಮಾಡಬೇಕು ಎಂದು ತೀರ್ಮಾನವಾಯಿತು. ನಾನು ಕೂರಿಸಿದ್ದರಲ್ಲಿ ಸರಿಮಾಡಲು ಏನೂ ಇಲ್ಲ, ಆದರೂ ಅವನು ಒಂದೊಂದರಲ್ಲೂ ಒಂದು ಟಿಕ್ ತಿರುವಿ, ನೋಡಿದ್ರಾ ಎನ್ನುತ್ತಾನೆ. ನನಗೆ ಗೊತ್ತಿಲ್ಲದ ಶಾಂತರಾಜುವೇ? ಬೋರಲಿಂಗಯ್ಯ ನನ್ನ ಮುಂದೆ ಬಂದು ನಿಂತ. ಬಯ್ಯುತ್ತಾನೆ ಎಂದು ಕಾದೆ. "ಮುಗೀತಲ್ಲ," ಎಂದಷ್ಟೇ ಹೇಳಿ ಒಳಗೆ ಹೋದ. ಆ ಮಾತಿನಲ್ಲಿ ಏನಿತ್ತು ಎಂದು ಮಧ್ಯಾಹ್ನದವರೆಗೂ ತಲೆ ಕೆಡಿಸಿಕೊಂಡೆ.

ಸಂಜೆಯೊಳಗೆ ಅವ್ವನ ಪಿಸ್ತೂಲು ಶಾಂತರಾಜನಿಗೆ ಒಪ್ಪಿಸಬೇಕಿತ್ತು. ಅವನು ಹೊಡೆದು ನೋಡಿ ಚುಕ್ಕಿ ನೆಟ್ಟಗಿದೆ ಎಂದರೆ ನನ್ನ ಸುಳ್ಳು ಬಯಲಾಗುತ್ತದೆ. ನಡುಮನೆಯಲ್ಲಿ ಕೂತು, ಬೆರಳ ಉಗುರಿನಿಂದ ಮಗ್ಗುಲ ತಿರುಪು ತಿರುವುತ್ತಿದ್ದೆ. ನಾನು ನೆಟ್ಟಗೆ ಕೂರಿಸಿದ ಚುಕ್ಕಿಯನ್ನು ನಾನೇ ಓರೆ ಮಾಡುವುದು ಸ್ವಂತ ಹಲ್ಲು ಕಿತ್ತುಕೊಂಡ ಹಾಗೆ ಇತ್ತು. ಎದುರಿಗೆ ಅವ್ವ ಬಂದು ನಿಂತದ್ದು ತಿಳಿಯಲಿಲ್ಲ.

"ಏನು ತಿರುವ್ತಿದ್ದೀಯ?"

"ಏನಿಲ್ಲ."

"ಬೆಳಗ್ಗೆ ಹೇಳಿದ್ದು ನಿಜವಾ ಚೆಲುವ? ಇದು ಓರೆ ಇತ್ತಾ?"

"ಇಲ್ಲ ಕಣವ್ವಾ. ಈಗ ಮಾಡ್ತಿದ್ದೀನಿ. ಆಗ ನೆಟ್ಟಗಿತ್ತು."

"ಜನರ ಮುಂದೆ ಓರೆ ಅಂದೆ. ನನ್ನ ಮುಂದೆ ನೆಟ್ಟಗೆ ಅಂತೀಯ. ಕೈ ನೋಡಿದ್ರೆ ತಿರುಪಿನ ಮೇಲದೆ." ಅವಳ ದನಿ ಸಣ್ಣದಾಯಿತು. "ನಾನು ನೋಡ್ಕೊಂಡೇ ಹೊಡ್ದೆ ಅಂದ್ಕೊಂಡಿದ್ದೆ. ಪ್ರತಿ ವಾರಾನೂ ಸಾಕಿ ಮನೆ ಕಡೆಗೆ ಚುಕ್ಕಿ ಇಟ್ಟು, ಅಲ್ಲಿಗೇ ಹೋಯ್ತು ಅಂದ್ಕೊಂಡಿದ್ದೆ. ಹೊಡೆದಿದ್ದು ನಾನಾ, ನಿನ್ನ ತಿರುಪಾ?"

"ನೀನೇ ಅವ್ವಾ. ನಿನ್ನಾಣೆ."

ಅವಳು ನಂಬಲಿಲ್ಲ. ಹುಬ್ಬು ಗಂಟಿಕ್ಕಿ, ಕಣ್ಣು ಕಿರಿದು ಮಾಡಿ, ನಾನು ಊರವರನ್ನೆಲ್ಲ ನೋಡುವ ಹಾಗೆ ನನ್ನನ್ನು ನೋಡಿ ಒಳಗೆ ಹೋಗಿ ಮಲಗಿದಳು. ಅಂಗಡಿ ಹೋದದ್ದಕ್ಕೂ ನನಗೆ ಅಷ್ಟು ಸಂಕಟವಾಗಿರಲಿಲ್ಲ. ಹುಟ್ಟಿದಾಗಿನಿಂದ ಎಲ್ಲರ ಮೇಲೂ ಅನುಮಾನಪಟ್ಟವನು ಒಂದೇ ಒಂದು ಸಲ ನಿಜ ಹೇಳಿ, ಅದನ್ನು ನಂಬಿ ಎಂದು ಗೋಗರೆಯುವ ಗತಿ ಬಂತು. ಅವ್ವ ಊಟ ಮಾಡಲಿಲ್ಲ. ಶಕುಂತಲಾ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು. ಅವಳಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು ಎಂಬ ಅನುಮಾನ ನನಗೆ ಆಗಲೇ ಬಂತು, ಕೇಳಲಿಲ್ಲ.

ಮಂಗಳವಾರ ಬೆಳಗ್ಗೆ ಎದ್ದಾಗ ಸಂದಿ ಇರಲಿಲ್ಲ. ಗೋಡೆಗೆ ಗೋಡೆ ಕೂತಿತ್ತು, ನಮ್ಮ ಅಡುಗೆಮನೆ ಕಿಟಕಿ ಅವರ ಕಿಟಕಿಗೆ ಎದುರಾಗಿ ಬಂದಿತ್ತು. ಆಚೆ ಕಡೆ ಯಾವ ಕಾಲದಿಂದಲೋ ಕಿಟಕಿಗೆ ಅಡ್ಡ ಬಡಿದಿದ್ದ ಹಲಗೆಯ ಮೊಳೆಗಳನ್ನು ಯಾರೋ ಒಂದೊಂದಾಗಿ ಕೀಳುತ್ತಿದ್ದರು. ಮೆಕ್ಯಾನಿಕ್ಕಿನ ಕೈ, ಒಂದು ಮೊಳೆಯೂ ಡೊಂಕಾಗದ ಹಾಗೆ ತೆಗೆಯುತ್ತಿತ್ತು. ಹಲಗೆ ಸರಿಯಿತು. ಕಿಟಕಿಗೆ ಒತ್ತಿ ಮಂಚ ಹಾಕಿದ್ದರು. ಮಂಚದ ಮೇಲೆ ಸಾಕಮ್ಮ, ಎರಡು ದಿಂಬಿಗೆ ಒರಗಿ, ಮುಷ್ಟಿಯಷ್ಟಾಗಿದ್ದಳು.

ಅವ್ವ ಒಲೆ ಮುಂದಿನಿಂದ ಎದ್ದು ಬಂದಳು. ನಾನು ಕಾಫಿ ಲೋಟ ಹಿಡಿದು ಬಾಗಿಲ ಮರೆಗೆ ನಿಂತೆ. ಮೊದಲು ಬಾಯಿ ತೆಗೆದದ್ದು ಸಾಕಮ್ಮ.

"ಅಕ್ಕಾ, ನಿಮ್ಮನೆ ತಂತಾನೇ ಬಂತಂತೆ. ಚುಕ್ಕಿ ಓರೆ ಇತ್ತಂತೆ. ಎಲ್ರೂ ಹಂಗಂತಾರೆ."

ಅವಳ ಕಣ್ಣಲ್ಲಿ ನೀರು ತುಂಬಿತ್ತು. ನೀನು ಬಂದೆಯೋ, ಸುಮ್ಮನೆ ಬಂದು ಬಿದ್ದೆಯೋ ಎಂದು ಅವಳು ಕೇಳುತ್ತಿದ್ದಳು. ಅವ್ವ ನನ್ನ ಕಡೆಗೆ ಒಮ್ಮೆ ತಿರುಗಿದಳು. ಆಮೇಲೆ ಕನ್ನಡಕ ತೆಗೆದು ಸೌದೆ ರಾಶಿಯ ಮೇಲಿಟ್ಟಳು. ಬಲಗೈ ಕಿಟಕಿಯೊಳಗೆ ಉದ್ದಕ್ಕೆ ಚಾಚಿದಳು, ಒಂದು ಕಣ್ಣು ಮುಚ್ಚಿದಳು, ಅರ್ಧ ಉಸಿರು ಬಿಟ್ಟು ಅರ್ಧ ಹಿಡಿದಳು. ತೋರುಬೆರಳಿನ ತುದಿ ಒಂದಿಷ್ಟೂ ಅಲುಗದೆ ಹೋಗಿ ಸಾಕಮ್ಮನ ಮೂಗುತಿಯ ಹರಳಿನ ಮೇಲೆ ನಿಂತಿತು.

"ಈ ಕೈ ಓರೆ ಹೋಯ್ತದೇನೇ ಸಾಕಿ?"

ಸಾಕಮ್ಮ ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೆನ್ನೆಗೆ ಒತ್ತಿಕೊಂಡಳು. ಅಳುತ್ತಲೇ ಬೈದಳು, "ಹಂಗಾದ್ರೆ ಇಷ್ಟು ವರ್ಷ ಯಾಕೇ ಬರ್ಲಿಲ್ಲ, ಮುಂಡೇದೇ?"

"ಕಣ್ಣು ಕಾಣ್ತಿರ್ಲಿಲ್ಲ ಕಣೇ," ಎಂದಳು ಅವ್ವ.